ಚಿಪ್ಪುಹಂದಿಯ ಏಳು ಹುತ್ತಗಳು

ಮರಿಯನ್ನು ಬಾಲದ ಮೇಲೆ ಹೊತ್ತು ತಿರುಗುತ್ತಿದ್ದ ಒಂದು ಚಿಪ್ಪುಹಂದಿಗೆ ಏಳು ಹುತ್ತಗಳ ವಾಡಿಕೆಯಿತ್ತು. ದಿನಕ್ಕೊಂದರಂತೆ ಹೋಗಿ, ಗೋಡೆಗೆ ಒಂದೇ ತೂತು ತೋಡಿ, ಉದ್ದ ನಾಲಗೆ ಚಾಚಿ ಉಣ್ಣುತ್ತಿತ್ತು. ಅರ್ಧ ಹೊಟ್ಟೆ ತುಂಬಿದೊಡನೆ ಎದ್ದುಬಿಡುತ್ತಿತ್ತು. ಎಂಟನೆಯ ದಿನ ಮೊದಲ ಹುತ್ತಕ್ಕೆ ಮರಳುವಷ್ಟರಲ್ಲಿ ಗೆದ್ದಲುಗಳು ಗೋಡೆ ಕಟ್ಟಿಕೊಂಡು ಮತ್ತೆ ತುಂಬಿರುತ್ತಿದ್ದವು.

ಒಂದು ಸಂಜೆ ಅದು ಊಟ ಮುಗಿಸುವ ಹೊತ್ತಿಗೆ ಕರಡಿ ಬಂತು.

“ಅತ್ತ ಸರಿ ತಂಗಿ. ಬುಡದವರೆಗೆ ಅಗೆದು ರಾಣಿಯನ್ನೇ ತಿನ್ನುತ್ತೇನೆ.”

“ಮೇಲಿನದನ್ನು ಎಷ್ಟು ಬೇಕಾದರೂ ತಿನ್ನಣ್ಣ. ರಾಣಿ ಸತ್ತರೆ ಹುತ್ತ ಬರೀ ಮಣ್ಣು. ನನಗೆ ಮರಿಯಿದೆ.”

“ಗೆದ್ದಲು ಕಟ್ಟಿದ ಹುತ್ತಕ್ಕೆ ಹಾವು ಒಡೆಯ ಅಂತ ಕೇಳಿದ್ದೆ. ನೀನು ಯಾವಾಗ ಯಜಮಾನಿಯಾದೆ?” ಎಂದು ನಕ್ಕು ಕರಡಿ ಪಂಜ ಎತ್ತಿತು.

ಚಿಪ್ಪುಹಂದಿಗೆ ಕಾದಾಡಿ ಗೆಲ್ಲುವ ಮಾತಿರಲಿಲ್ಲ. ಬಿಸಿಲಿಗೆ ಕಲ್ಲಾಗಿದ್ದ ಆ ಹುತ್ತಕ್ಕೆ ಇದ್ದದ್ದು ತಾನು ತೋಡಿದ ಅದೊಂದೇ ಬಾಯಿ. ಚಿಪ್ಪುಹಂದಿ ಮರಿಯನ್ನು ಹೊಟ್ಟೆಗೆ ಅವುಚಿಕೊಂಡು, ಆ ಬಾಯಿಗೆ ಬಿರಡೆಯ ಹಾಗೆ ಸುರುಟಿಕೊಂಡಿತು. ಕರಡಿ ಕೆರೆಯಿತು, ಕಚ್ಚಿತು, ಚಿಪ್ಪು ಜಗ್ಗಲಿಲ್ಲ. ಅಷ್ಟರಲ್ಲಿ, ಬಾಯಿ ಮುಚ್ಚುವ ಮೊದಲೇ ಹೊರಬಂದಿದ್ದ ಕಾವಲಿನ ಗೆದ್ದಲುಗಳು ಕರಡಿಯ ಮೂಗಿಗೆ ಹತ್ತಿಕೊಂಡವು. “ನಿನ್ನ ಹುತ್ತ ನಿನಗೇ ಇರಲಿ” ಎಂದು ಸೀನುತ್ತ ಕರಡಿ ಹೊರಟುಹೋಯಿತು.

ಕಾವಲಿನ ಗೆದ್ದಲೊಂದು ಕೇಳಿತು: “ನಮ್ಮನ್ನು ತಿನ್ನುವ ನೀನೇ ನಮ್ಮ ರಾಣಿಯನ್ನು ಉಳಿಸಿದೆಯಲ್ಲ, ಏಕೆ?”

“ನಾನು ಉಳಿಸಿದ್ದು ನಿಮ್ಮ ರಾಣಿಯನ್ನಲ್ಲ, ನನ್ನ ಮುಂದಿನ ವಾರದ ಊಟವನ್ನು” ಎಂದು ಚಿಪ್ಪುಹಂದಿ ಮರಿಯನ್ನು ಬಾಲಕ್ಕೇರಿಸಿತು.

ಗೆದ್ದಲು ಸ್ವಲ್ಪ ಯೋಚಿಸಿತು. “ಹಾಗಾದರೆ ನಿಶ್ಚಿಂತೆ. ಪ್ರೀತಿಗೆ ಉಳಿಸಿದ್ದರೆ ನಾಳೆ ಮರೆತೀಯೆ ಎಂಬ ಭಯವಿರುತ್ತಿತ್ತು, ಹಸಿವು ಮರೆಯುವುದಿಲ್ಲ” ಎಂದು ಹೇಳಿ, ಗೋಡೆ ಕಟ್ಟಲು ಒಳಗೆ ಹೋಯಿತು.