ಜಲಮಂತ್ರಿಗಳ ಮನೆಯ ಉಪ್ಪು

"ನನ್ನನ್ನು ಪ್ರಶ್ನೆ ಕೇಳುವ ಗಂಡು ನಮ್ಮ ಸಭೆಯಲ್ಲಿ ಇನ್ನೂ ಹುಟ್ಟಿಲ್ಲ!" ಎಂದು ಜಲಮಂತ್ರಿ ತಿಪ್ಪರಸರು ಮೀಸೆ ತಿರುವಿದಾಗ ನಾನು ಅವರ ಮನೆಯ ಊಟದ ಪಂಕ್ತಿಯಲ್ಲೇ ಇದ್ದೆ. ಹುಟ್ಟಿದ್ದೆ ಮಾತ್ರವಲ್ಲ, ಇಬ್ಬರ ಜಾಗ ಹಿಡಿದು ಕೂತಿದ್ದೆ.

ನಾನು ಸಂಕಪ್ಪ, ಕೊಂಗಲಾಪುರದ ಸಭಾಸದ. ನಮ್ಮ ದೊರೆ ಮುದ್ದಯ್ಯ ನಾಯಕರ ಸೀಮೆಯಲ್ಲಿ ಊರಿಗೊಬ್ಬ ಸಭಾಸದ. ಹುಣ್ಣಿಮೆಗೊಮ್ಮೆ ದೊರೆಯ ಮುಂದೆ ನಿಂತು, ರಸ್ತೆ ಯಾಕೆ ಕಿತ್ತುಹೋಗಿದೆ, ಕೆರೆ ಯಾಕೆ ಒಡೆದಿದೆ ಎಂದು ಮಂತ್ರಿಗಳನ್ನು ಕೇಳುವುದು ನಮ್ಮ ಕೆಲಸ. ನಮ್ಮೂರಿನವರು ನನ್ನನ್ನು ಆರಿಸಿದ್ದು ಬಾಯಿ ದೊಡ್ಡದೆಂದು. ಆ ಬಾಯಿ ಹೆಚ್ಚಾಗಿ ಯಾವ ಕೆಲಸಕ್ಕೆ ಬಳಕೆಯಾಗುತ್ತದೆಂದು ಅವರು ವಿಚಾರಿಸಲಿಲ್ಲ.

ನಮ್ಮ ಸಭೆಗೊಂದು ಕಟ್ಟಳೆಯಿದೆ. ಸಭೆಗೆ ಬರುವವರು ಯಾರೇ ಆಗಲಿ, ಆ ದಿನ ಯಾರ ಉಪ್ಪು ತಿಂದರೋ, ಅಂದು ಅವರನ್ನು ಪ್ರಶ್ನಿಸುವಂತಿಲ್ಲ; ಅವರು ಕೇಳಿದ್ದಕ್ಕೆ ಇಲ್ಲ ಎನ್ನುವಂತೆಯೂ ಇಲ್ಲ. ಸಭಾಸದರು ಮಂತ್ರಿಗಳ ಮನೆಯಿಂದ ದೂರ ಇರಲಿ ಎಂದು ಹಿರಿಯರು ಮಾಡಿದ ಕಟ್ಟಳೆ ಅದು. ತಿಪ್ಪರಸರು ಅದನ್ನು ತಮಗೆ ಬೇಕಾದ ಹಾಗೆ ಬಳಸಿಕೊಂಡರು. ಹುಣ್ಣಿಮೆಯ ಬೆಳಿಗ್ಗೆ ಎಲ್ಲರನ್ನೂ ಊಟಕ್ಕೆ ಕರೆದುಬಿಡುತ್ತಿದ್ದರು. ಮಧ್ಯಾಹ್ನದ ಸಭೆಯಲ್ಲಿ ತೇಗು ಬಿಟ್ಟರೆ ಬೇರೆ ಸದ್ದಿರುತ್ತಿರಲಿಲ್ಲ. ಗಟ್ಟಿ ತೇಗು ಯಾರದೆಂದು ಬೇರೆ ಹೇಳಬೇಕಾಗಿಲ್ಲ.

ಈ ಸಲ ಮಾತ್ರ ಹೊರಡುವಾಗ ಹೆಂಡತಿ ಬಾಗಿಲಿಗೆ ಅಡ್ಡ ನಿಂತಳು. ಬೆಟ್ಟದ ಕೆರೆಯಿಂದ ನಮ್ಮೂರಿಗೆ ಸಿಹಿನೀರು ತರುವ ಕಾಲುವೆ ಕುಸಿದುಹೋಗಿತ್ತು. ಉಳಿದದ್ದು ಒಂದು ಬಾವಿ, ಅದರ ನೀರು ಉಪ್ಪು. ಪಕ್ಕದ ಮನೆಯ ಗಿರಿಜವ್ವನ ಕೂಸು ಆ ನೀರು ಕುಡಿದು, ವಾಂತಿ ಮಾಡಿಕೊಂಡು ಕಡ್ಡಿಯಂತಾಗಿತ್ತು.

"ಕೂಸನ್ನು ನೋಡಿ ಬಂದಿರಾ?" ಎಂದಳು.

"ನೋಡಿದೆ ಕಣೆ."

"ಹಾಗಾದರೆ ಇವತ್ತು ಕೇಳಿಯೇ ಬನ್ನಿ. ಕೇಳದೆ ಬಂದರೆ ಈ ಮನೆಯಲ್ಲಿ ನಿಮಗೆ ಊಟವಿಲ್ಲ."

ಕೂಸಿನ ಮುಖ ಕಣ್ಣಮುಂದೆ ಬಂತು. ಊಟದ ಮಾತಿಗೆ ಹೆದರಿಕೆಯೂ ಆಯಿತು. ಬಾವಿಯಿಂದ ಒಂದು ಕೊಡ ನೀರು ತುಂಬಿಕೊಂಡು ಹೊರಟೆ.

ತಿಪ್ಪರಸರ ಮನೆಗೆ ಹೋಗದಿದ್ದರೆ ಆಗುತ್ತಿತ್ತಲ್ಲ ಎನ್ನುತ್ತೀರಿ. ಊಟಕ್ಕೆ ಕರೆದಾಗ ಹೋಗದೆ ಇರುವ ವಿದ್ಯೆ ನನಗೆ ಬರುವುದಿಲ್ಲ. ಕೊಡವನ್ನು ಸಭೆಯ ಬಾಗಿಲಲ್ಲಿಟ್ಟು ಪಂಕ್ತಿಗೆ ಹೋಗಿ ಕೂತೆ.

ಕೋಸಂಬರಿ ಬಂತು, ತಿಳಿಸಾರು ಬಂತು, ಮಜ್ಜಿಗೆಹುಳಿ ಬಂತು. ಎಲ್ಲಕ್ಕೂ ಕೈ ಅಡ್ಡ ಹಿಡಿದೆ. ಉದ್ದಿನ ವಡೆ ಬಂದಾಗ ಕಣ್ಣು ಮುಚ್ಚಿಕೊಂಡೆ.

"ಯಾಕೆ ಸಂಕಪ್ಪ, ಮೈಗೆ ಹುಷಾರಿಲ್ಲವೆ?" ಎಂದರು ತಿಪ್ಪರಸರು.

"ಪಥ್ಯ ಸ್ವಾಮಿ. ಬರೀ ಸಿಹಿ ತಿನ್ನಬೇಕು."

"ಎಂಥ ಒಳ್ಳೆಯ ವೈದ್ಯರಪ್ಪ ನಿನಗೆ ಸಿಕ್ಕಿದ್ದು!" ಎಂದು ಅವರೇ ನಿಂತು ಪಾಯಸ ಬಡಿಸಿದರು.

ಮಧ್ಯಾಹ್ನ ಸಭೆ ಸೇರಿತು. "ಯಾರದಾದರೂ ಪ್ರಶ್ನೆಯಿದೆಯೆ?" ಎಂದು ಕೇಳಿದ ದೊರೆ, ಉತ್ತರಕ್ಕೆ ಕಾಯದೆ ಎಂದಿನಂತೆ ಪಾದರಕ್ಷೆಗೆ ಕಾಲು ಹಾಕಿದರು.

"ನನ್ನದಿದೆ ಮಹಾಪ್ರಭು," ಎಂದೆ.

ತಿಪ್ಪರಸರು ಎದ್ದು ನಿಂತರು. "ಕಟ್ಟಳೆ! ಇವನು ಈಗ ತಾನೆ ನನ್ನ ಮನೆಯ ಉಪ್ಪು ತಿಂದು ಬಂದಿದ್ದಾನೆ!"

"ಪಾಯಸ ತಿಂದೆ, ರವೆ ಉಂಡೆ ತಿಂದೆ, ಬಾಳೆಹಣ್ಣಿನ ರಸಾಯನ ತಿಂದೆ. ನಿಮ್ಮ ಮನೆಯಲ್ಲಿ ಅವಕ್ಕೂ ಉಪ್ಪು ಹಾಕುತ್ತಾರೆಯೆ?"

ದೊರೆ ಅಡುಗೆಯವರನ್ನು ಕರೆಸಿದರು. "ಉಪ್ಪಿನದೊಂದನ್ನೂ ಇವರು ಮುಟ್ಟಲಿಲ್ಲ ಬುದ್ಧಿ," ಎಂದರು ಅಡುಗೆಯವರು. "ಪಾಯಸದ ಪಾತ್ರೆಯನ್ನು ಮಾತ್ರ ನಾವು ತೊಳೆಯುವ ಕೆಲಸವೇ ಉಳಿಯಲಿಲ್ಲ."

ಸಭೆ ಗೊಳ್ಳೆಂದಿತು. ನನಗೂ ನಾಚಿಕೆಯಾಯಿತು, ಆದರೆ ಕೂರಲಿಲ್ಲ.

"ನಮ್ಮೂರ ಕಾಲುವೆ ಯಾವಾಗ ಕಟ್ಟಿಸುತ್ತೀರಿ ಸ್ವಾಮಿ? ಉಪ್ಪುನೀರು ಕುಡಿದು ಎಳೆಕೂಸು ಸಾಯುವಂತಾಗಿದೆ."

"ಕಾಲುವೆ ಸರಿಯಾಗಿಯೇ ಇದೆ," ಎಂದರು ತಿಪ್ಪರಸರು. "ಕೊಂಗಲಾಪುರದ ನೀರು ಎಳನೀರಿದ್ದ ಹಾಗಿದೆ. ನಾನೇ ಕುಡಿದು ನೋಡಿದ್ದೇನೆ."

"ಹಾಗಾದರೆ ನನ್ನ ನಾಲಿಗೆಯೇ ಕೆಟ್ಟಿರಬೇಕು. ದೊರೆಗಳ ಮುಂದೆ ಇನ್ನೊಮ್ಮೆ ಕುಡಿದುಬಿಡಿ, ನಾನು ಕೂತುಬಿಡುತ್ತೇನೆ. ಈ ಮೈ ಹೊತ್ತು ನಿಲ್ಲುವುದು ನನಗೂ ಕಷ್ಟ."

ಕೊಡ ತರಿಸಿ ಒಂದು ಚೊಂಬು ತುಂಬಿ ಕೊಟ್ಟೆ. ತಿಪ್ಪರಸರು ಗಟಗಟನೆ ಕುಡಿದರು. ಮುಖ ಕಿವುಚದಿರಲು ಅವರು ಪಟ್ಟ ಪಾಡು ನೋಡುವಂತಿತ್ತು.

"ಸಿಹಿ!" ಎಂದರು.

"ಸಂತೋಷ! ಇನ್ನೊಂದು ಚೊಂಬು ತಗೊಳ್ಳಿ. ಬಡಿಸುವುದರಲ್ಲಿ ನಮ್ಮೂರೇನೂ ನಿಮಗೆ ಕಡಿಮೆಯಿಲ್ಲ."

ಎರಡನೆಯದು ಅರ್ಧ ಇಳಿಯುವಷ್ಟರಲ್ಲಿ ಅವರ ಹೊಟ್ಟೆ ತೊಳಸಿತು. ಚೊಂಬು ಕೈಬಿಟ್ಟು, "ಸಾಕು ಮಾರಾಯ, ಬರೀ ಉಪ್ಪು!" ಎಂದು ಕೂಗಿಬಿಟ್ಟರು.

"ಕೇಳಿಸಿತೆ ಮಹಾಪ್ರಭು?" ಎಂದೆ. "ಮಂತ್ರಿಗಳು ಈಗ ಕೊಂಗಲಾಪುರದ ಉಪ್ಪು ತಿಂದವರು. ನಾವು ಕೇಳಿದ್ದಕ್ಕೆ ಇನ್ನು ಇಲ್ಲ ಎನ್ನುವಂತಿಲ್ಲ. ನಮಗೆ ಕಾಲುವೆ ಬೇಕು."

ದೊರೆ ನಕ್ಕ ನಗೆಗೆ ಪೇಟ ಜಾರಿ ಕಿವಿಯ ಮೇಲೆ ಬಂತು. ನಗು ನಿಂತ ಮೇಲೆ ದನಿ ಬದಲಾಯಿತು.

"ತಿಪ್ಪರಸರೆ, ನಾಳೆಯಿಂದಲೇ ಕೆಲಸ ಶುರುವಾಗಲಿ. ಕಾಲುವೆಯಲ್ಲಿ ನೀರು ಹರಿಯುವ ತನಕ ನಿಮ್ಮ ಮನೆಗೂ ಆ ಬಾವಿಯ ನೀರೇ. ಅರಮನೆಯ ವೈದ್ಯರು ಸಿಹಿನೀರು ಹೇರಿಕೊಂಡು ಈಗಲೇ ಆ ಕೂಸಿನ ಮನೆಗೆ ಹೊರಡಲಿ."

ತಿಪ್ಪರಸರು ಹೊಟ್ಟೆ ಹಿಡಿದುಕೊಂಡೇ ತಲೆ ಬಾಗಿಸಿದರು. ಗಾಡಿ ಹೊರಟ ಸದ್ದು ಕೇಳಿ ನನ್ನ ಜೀವಕ್ಕೆ ಸಮಾಧಾನವಾಯಿತು.

"ಸಂಕಪ್ಪ, ಬೆಳಿಗ್ಗೆಯಿಂದ ಬರೀ ಸಿಹಿ ತಿಂದು ನಿನ್ನ ನಾಲಿಗೆ ಜಡ್ಡುಗಟ್ಟಿರಬೇಕು," ಎಂದರು ದೊರೆ. "ಬಾ, ಈಗಲೇ ಅರಮನೆಯಲ್ಲಿ ನನ್ನ ಪಕ್ಕದಲ್ಲೇ ಊಟ. ಹುಳಿಯನ್ನವಿದೆ, ಬಿಸಿ ವಡೆಯಿದೆ."

ಒಳಗಿನಿಂದ ಒಗ್ಗರಣೆಯ ವಾಸನೆ ಬರುತ್ತಿತ್ತು. ಕಾಲು ಆಗಲೇ ಅತ್ತ ಹೊರಟಿತ್ತು. ಕಂಬ ಹಿಡಿದುಕೊಂಡು ನಿಂತೆ.

"ಮನ್ನಿಸಬೇಕು ಮಹಾಪ್ರಭು, ಸಭೆ ಇನ್ನೂ ಮುಗಿದಿಲ್ಲ," ಎಂದೆ. "ಮುಂದಿನ ಪ್ರಶ್ನೆ ತಮಗೇ ಇದೆ."