ತೊಗಟೆ, ಗೂಡು, ಗರಿ

"ಗುರುಗಳೇ, ನಮ್ಮ ಹಾಗೆಯೇ ಇದ್ದು, ನಮ್ಮ ಸಾಲಿನಲ್ಲೇ ಕುಳಿತು ಉಣ್ಣುವವನು ನಿಜವಾಗಿ ನಮ್ಮವನೋ ಅಲ್ಲವೋ ಎಂದು ತಿಳಿಯುವುದು ಹೇಗೆ?"

ಹೀಗೆ ಕೇಳಿದವನು ಪಾಯಣ್ಣ. ಹತ್ತು ವರ್ಷದಿಂದ ಜೈನ ಮಠದಲ್ಲಿ ಓದುತ್ತಿದ್ದವನು. ಮಠದ ಗ್ರಂಥಗಳನ್ನೆಲ್ಲ ಇಟ್ಟಿದ್ದ ಶಾಸ್ತ್ರಭಂಡಾರದ ಬೀಗದ ಕೈ ಅವನ ಸೊಂಟದಲ್ಲೇ ಇರುತ್ತಿತ್ತು. ಕೇಳಿಸಿಕೊಂಡವರು ಅವನ ಗುರು ಶಾಂತಿಸೇನ ವರ್ಣಿಗಳು. ಅವರು ಜಗಲಿಯಲ್ಲಿ ಕುಳಿತು ಓಲೆಗರಿಗೆ ದಾರ ಪೋಣಿಸುತ್ತಿದ್ದರು. ದಾರ ಬಿಡದೆಯೇ ಕೇಳಿದರು:

"ಯಾರ ವಿಷಯ ಇದು?"

"ಹೊಸದಾಗಿ ಓದಲು ಬಂದ ಆದಿರಾಜನದು. ಅವನು ಬಂದು ನಾಲ್ಕು ತಿಂಗಳಾಯಿತು. ಭಂಡಾರದ ಹೊತ್ತಗೆಗಳಲ್ಲಿ ಬಿಳಿ ಹುಳು ಕಾಣಿಸಿಕೊಂಡೂ ನಾಲ್ಕು ತಿಂಗಳಾಯಿತು. ಅವನ ಹಾಸಿಗೆಯ ಗಂಟಿನಲ್ಲೇ ಬಂದಿದೆ, ಅನುಮಾನವೇ ಇಲ್ಲ. ಶ್ರುತಪಂಚಮಿಗೆ ಗ್ರಂಥಗಳನ್ನು ಹೊರಗೆ ತೆಗೆದು ಪೂಜೆ ಮಾಡಬೇಕು. ಅಷ್ಟರೊಳಗೆ ಅವನನ್ನು ಕಳುಹಿಸಿಬಿಡಿ."

ಆದಿರಾಜನಿಗೆ ಹೋಗಲು ಬೇರೆ ಮನೆಯಿರಲಿಲ್ಲ. ಅದು ಪಾಯಣ್ಣನಿಗೂ ಗೊತ್ತಿತ್ತು. ಗೊತ್ತಿದ್ದೇ ಕೇಳಿದ್ದ.

"ನಿನ್ನ ಮಾತಿಗೆ ಆಧಾರ?"

ಪಾಯಣ್ಣನ ಕೈ ಸೊಂಟಕ್ಕೆ ಹೋಯಿತು. ಬೀಗದ ಕೈಯ ಪಕ್ಕದಲ್ಲಿ ಒಂದು ಸಣ್ಣ ಕಾಗದದ ಪೊಟ್ಟಣವಿತ್ತು. ಅದನ್ನು ಮುಟ್ಟಿ ನೋಡಿ, "ಇದೆ. ತೋರಿಸುವ ಹೊತ್ತು ಬಂದಾಗ ತೋರಿಸುತ್ತೇನೆ" ಎಂದ.

"ಆಗಲಪ್ಪ, ಇಟ್ಟುಕೊ. ಹುಳುವಿನ ಮಾತು ಎತ್ತಿದೆಯಲ್ಲ, ಹುಳುವಿನದೇ ಒಂದು ಕತೆ ಹೇಳುತ್ತೇನೆ. ಅರ್ಧಕ್ಕೇ ಎದ್ದು ಹೋಗಬೇಡ" ಎಂದು ವರ್ಣಿಗಳು ಹೇಳತೊಡಗಿದರು.

ಒಂದು ಊರಿನ ಬಸದಿಯಲ್ಲಿ ಒಬ್ಬ ಭಂಡಾರಿ ಇದ್ದ. ಗ್ರಂಥ ಕಾಯುವುದು ಅವನ ಕೆಲಸ. ಒಳ್ಳೆಯ ಮನುಷ್ಯ, ನಿಯಮ ತಪ್ಪುವವನಲ್ಲ. ಪ್ರತಿ ಚತುರ್ದಶಿಯಂದು ಹೊತ್ತಗೆಗಳನ್ನು ಒಂದೊಂದಾಗಿ ಬಿಚ್ಚುತ್ತಿದ್ದ, ನವಿಲುಗರಿಯಿಂದ ಸವರಿ ಹುಳುಗಳನ್ನು ಬಿಳಿ ತಟ್ಟೆಗೆ ಇಳಿಸುತ್ತಿದ್ದ. ಕೊಲ್ಲುವ ಹಾಗಿಲ್ಲ. ಕೊಲ್ಲದೆ ಬಿಟ್ಟರೂ ಸಾಲದು, ಅವು ಬದುಕುವ ಜಾಗದಲ್ಲೇ ಬಿಡಬೇಕು. ಮರದ ಹುಳುವನ್ನು ಮಣ್ಣಿಗೆ ಬಿಟ್ಟು ಅದು ಸತ್ತರೆ ಪಾಪ ಯಾರಿಗೆ? ಬಿಟ್ಟವನಿಗೇ ತಾನೆ!

ಹಾಗಾಗಿ ಯಾವ ಹುಳು ಎಲ್ಲಿಯದು ಎಂದು ಅವನು ತಿಳಿದುಕೊಳ್ಳಲೇಬೇಕಾಯಿತು. ಮೂರು ಹಾಳೆ ತೆಗೆದುಕೊಂಡು ಮೂರು ಜಾತಿ ಬರೆದ. ಮೊದಲನೆಯದು ತೊಗಟೆಹುಳು. ಮರದ ತೊಗಟೆಯ ಮೇಲೆ ಗುಂಪಾಗಿ ಇರುತ್ತದೆ, ಹಾವಸೆ ಬೂಷ್ಟು ತಿನ್ನುತ್ತದೆ, ರೆಕ್ಕೆಯಿದೆ, ಯಾರ ತಂಟೆಗೂ ಹೋಗುವುದಿಲ್ಲ. ಎರಡನೆಯದು ಪುಸ್ತಕದ ಹುಳು. ಎಳ್ಳಿಗಿಂತ ಚಿಕ್ಕದು, ರೆಕ್ಕೆಯಿಲ್ಲ, ಬೆಳಕು ಕಂಡರೆ ಓಡುತ್ತದೆ. ಮೂರನೆಯದು ಹೇನು. ಅದು ಭಂಡಾರದಲ್ಲಿ ಸಿಗುವುದಲ್ಲ, ಆದರೂ ಬರೆದ. ಪಟ್ಟಿ ಪೂರ್ತಿಯಾಗಬೇಕಲ್ಲ! ಮೂರು ಹಾಳೆಗಳ ತಲೆಯ ಮೇಲೆ ಕೆಂಪು ಮಸಿಯಲ್ಲಿ ಸಾಧು, ಕಳ್ಳ, ಕೊಲೆಗಾರ ಎಂದು ಬರೆದ. ಕೆಳಗೆ, ಇವುಗಳಲ್ಲಿ ಒಂದಕ್ಕೊಂದು ನೆಂಟಸ್ತನವಿಲ್ಲ ಎಂದೂ ಬರೆದ.

ತೊಗಟೆಹುಳು ಸಿಕ್ಕಿದರೆ ಅಂಗಳದ ಮಾವಿನ ಮರಕ್ಕೆ ಬಿಡುತ್ತಿದ್ದ. ಪುಸ್ತಕದ ಹುಳುವನ್ನು ಎಲ್ಲಿ ಬಿಡುವುದು? ಮರಕ್ಕೆ ಬಿಟ್ಟರೆ ಸಾಯುತ್ತದೆ ಎಂದುಕೊಂಡ. ಭಂಡಾರದ ಕಿಟಕಿಯ ಹೊರಗಿನ ಕಟ್ಟೆಯ ಮೇಲೆ ಬಿಡತೊಡಗಿದ. ಅಲ್ಲಿ ಒಂದು ಪಾರಿವಾಳದ ಗೂಡಿತ್ತು. ಗೂಡು ಬಿದ್ದೀತೆಂದು ಆ ಕಿಟಕಿಯನ್ನು ತೆರೆಯದೆ ಎರಡು ವರ್ಷವಾಗಿತ್ತು. ಊರವರು ಗೂಡು ನೋಡಿ, ಎಂಥ ಕರುಣೆಯಪ್ಪ ಈ ಭಂಡಾರಿಯದು ಎನ್ನುತ್ತಿದ್ದರು. ಅವನಿಗೂ ಆ ಮಾತು ಕೇಳಿ ಖುಷಿಯಾಗುತ್ತಿತ್ತು.

ಆ ಭಂಡಾರದಲ್ಲಿ ಕಾಗದದ ಒಂದು ಹಳೆಯ ಹೊತ್ತಗೆಯಿತ್ತು. ಗಂಜಿಯಲ್ಲಿ ಅಂಟಿಸಿದ ರಟ್ಟು. ಆ ಗ್ರಂಥಕ್ಕೆ ಬೇರೆಲ್ಲೂ ಇನ್ನೊಂದು ಪ್ರತಿ ಇರಲಿಲ್ಲ. ಹಾಳೆಗಳ ಅಂಚು ಉದುರತೊಡಗಿತ್ತು. ಪೂರ್ತಿ ಉದುರುವ ಮೊದಲು ಪ್ರತಿ ಮಾಡಿಸಬೇಕೆಂದು ಬೇರೆ ಊರಿನಿಂದ ಒಬ್ಬ ಲಿಪಿಕಾರನನ್ನು ಕರೆಸಿದರು. ಅವನಿಗೆ ಕಣ್ಣು ಮಂದವಾಗುತ್ತಿತ್ತು. ಭೂತಗನ್ನಡಿ ಹಿಡಿದು ಒಂದೊಂದೇ ಅಕ್ಷರ ಓದಿ ಬರೆಯುತ್ತಿದ್ದ. ಇದೇ ನನ್ನ ಕೊನೆಯ ಹೊತ್ತಗೆ, ಇದೊಂದನ್ನು ಮುಗಿಸುವಷ್ಟು ಕಣ್ಣು ಉಳಿದರೆ ಸಾಕು ಎಂದು ಬಂದ ದಿನವೇ ಹೇಳಿದ್ದ.

ಅವನು ಬಂದ ತಿಂಗಳಿಗೆ ಹೊತ್ತಗೆಗಳಲ್ಲಿ ಬಿಳಿ ಹುಳು ಹೆಚ್ಚಿತು. ಮಳೆಗಾಲ ಹಿಡಿದದ್ದೂ ಅದೇ ತಿಂಗಳು. ಕಿಟಕಿ ತೆರೆಯದ ಕೋಣೆ ಒದ್ದೆ ಗೋಣಿಚೀಲದ ಹಾಗೆ ನಾರುತ್ತಿತ್ತು. ಅದೊಂದೂ ಭಂಡಾರಿಯ ತಲೆಗೆ ಹೋಗಲಿಲ್ಲ. ಅವನ ತಲೆಗೆ ಹೋದದ್ದು ಇಷ್ಟೇ: ಇವನು ಬಂದ, ಹುಳು ಬಂತು.

ಮೊದಮೊದಲು ಅವನು ಏನೂ ಮಾಡಲಿಲ್ಲ. ಬಾಗಿಲಲ್ಲಿ ನಿಂತು ನೋಡುತ್ತಿದ್ದ, ಅಷ್ಟೆ. ನೋಡಿದರೆ ತಪ್ಪೇನು? ಕಾಯುವವನು ನೋಡಲೇಬೇಕು. ಆಮೇಲೆ ಲಿಪಿಕಾರ ಎದ್ದು ಹೋದ ಮೇಲೆ ಅವನು ಕುಳಿತ ಜಾಗಕ್ಕೆ ಬಂದು ನೋಡತೊಡಗಿದ. ಚಾಪೆ ಎತ್ತಿ ನೋಡಿದ. ಉದುರಿದ ಕೂದಲು, ಹರಿದು ಎಸೆದ ಕಾಗದದ ಚೂರು, ಬಟ್ಟೆಯ ಎಳೆ, ಏನು ಸಿಕ್ಕಿದರೂ ಆರಿಸಿ ಕಟ್ಟಿಟ್ಟುಕೊಂಡ. ಉದುರಿದ್ದು ತಾನೆ, ಯಾರದ್ದನ್ನೂ ಕಸಿದುಕೊಂಡದ್ದಲ್ಲವಲ್ಲ!

ಪಾಯಣ್ಣನಿಗೆ ಯಾಕೋ ಕುಳಿತಲ್ಲಿ ಹಿತವಾಗಲಿಲ್ಲ. ಸ್ವಲ್ಪ ಸರಿದು ಕುಳಿತ. ವರ್ಣಿಗಳು ಅವನ ಕಡೆ ನೋಡದೆ ಕತೆ ಮುಂದುವರಿಸಿದರು.

ಒಂದು ದಿನ ಭಂಡಾರಿ ಹುಳುಗಳ ತಟ್ಟೆಯನ್ನು ತಂದು ಲಿಪಿಕಾರನ ಮುಂದೆ ಇಟ್ಟ. ಪಕ್ಕದಲ್ಲಿ ತನ್ನ ಮೂರು ಹಾಳೆಗಳನ್ನೂ ಇಟ್ಟ. ಕಳ್ಳನಾದರೆ ಹಾಳೆ ನೋಡಿ ಬೆವರುತ್ತಾನೆ ಎಂದು ಅವನ ಎಣಿಕೆ. ಲಿಪಿಕಾರ ಬೆವರಲಿಲ್ಲ. ಹಾಳೆಗಳನ್ನು ಓದಿದ, ಭೂತಗನ್ನಡಿ ಹಿಡಿದು ತಟ್ಟೆಯನ್ನು ಬಹಳ ಹೊತ್ತು ನೋಡಿದ.

"ಯಜಮಾನರೇ, ನೀವು ಮನೆ ನೋಡಿ ಜಾತಿ ಬರೆದಿದ್ದೀರಿ. ಮೈ ನೋಡಿ ಬರೆಯಬೇಕಿತ್ತು. ಚಪ್ಪಟೆ ಮೈ, ರೆಕ್ಕೆಯಿಲ್ಲದ ಬೆನ್ನು, ಹೇನಿನದೂ ಹೀಗೆಯೇ. ನಿಮ್ಮ ಈ ಪುಸ್ತಕದ ಹುಳು ತೊಗಟೆಹುಳುವಿನ ವಂಶದ್ದೇ, ಆದರೆ ತೊಗಟೆಹುಳುವಿಗಿಂತ ಹೇನಿಗೇ ಹತ್ತಿರದ ನೆಂಟ. ಮೂರೂ ಒಂದೇ ಮನೆತನ. ನಿಮ್ಮ ಸಾಧುವಿನ ಹೊಟ್ಟೆಯಲ್ಲೇ ಕೊಲೆಗಾರ ಹುಟ್ಟಿದ್ದು."

"ಸುಮ್ಮನಿರಿ! ಸಾಧುವಿನ ಮಗ ರಕ್ತ ಕುಡಿಯುತ್ತಾನೆಯೇ?"

"ಒಂದೇ ದಿನದಲ್ಲಿ ಯಾರು ಕುಡಿದರು? ಮೊದಲು ತೊಗಟೆಯ ಬೂಷ್ಟು ತಿಂದುಕೊಂಡಿತ್ತು. ಅದೇ ಮರಕ್ಕೆ ಹಕ್ಕಿ ಬಂದು ಗೂಡು ಕಟ್ಟಿತು. ಗೂಡು ಬೆಚ್ಚಗಿತ್ತು, ಅಲ್ಲಿಗೆ ಹೋಯಿತು. ಅಲ್ಲಿ ಉದುರಿದ ಗರಿಯ ಹೊಟ್ಟು ತಿಂದಿತು. ಉದುರಿದ್ದು ತಾನೆ! ಕೂತಲ್ಲೇ ಸಿಗುವಾಗ ಹಾರುವುದೇಕೆ? ರೆಕ್ಕೆ ಬಿದ್ದುಹೋಯಿತು. ಕೆಲವು ಅಲ್ಲಿಂದ ನಿಮ್ಮ ಹೊತ್ತಗೆಗೆ ಬಂದವು, ಬೂಷ್ಟು ತಿಂದುಕೊಂಡು ಇವೆ. ಕೆಲವಕ್ಕೆ ಉದುರುವ ತನಕ ಕಾಯುವುದು ಬೇಸರವಾಯಿತು. ಗರಿಯನ್ನೇ ಹತ್ತಿದವು. ಗರಿಯ ಬುಡದಲ್ಲಿ ರಕ್ತವಿತ್ತು. ಎಷ್ಟು ಲಕ್ಷ ತಲೆಮಾರು ಹಿಡಿಯಿತೋ, ನನಗೆ ತಿಳಿಯದು. ಯಾವ ತಲೆಮಾರಿಗೂ ತಾನು ಹೇನಾಗುತ್ತಿದ್ದೇನೆ ಎಂದು ಅನಿಸಿರಲಿಕ್ಕಿಲ್ಲ."

ಭಂಡಾರಿ ಇದನ್ನೆಲ್ಲ ಕೇಳಿದ. ಕೇಳಿ ಅವನಿಗೆ ತಿಳಿದದ್ದೇನು? ಅಯ್ಯೋ ಮಾರಾಯ, ಅವನಿಗೆ ತಿಳಿದದ್ದೇ ಬೇರೆ. ಹೇನಿನ ವಿಷಯ ಇಷ್ಟು ಚೆನ್ನಾಗಿ ಗೊತ್ತಿರಬೇಕಾದರೆ ಇವನ ತಲೆಯಲ್ಲೇ ಇರಬೇಕು ಎಂದುಕೊಂಡ! ಅಂದಿನಿಂದ 'ನೀವು' ಹೋಗಿ 'ನೀನು' ಬಂತು. ಒಳಗೆ ಬರುವ ಮೊದಲು ಪಂಚೆ ಕೊಡವು ಎಂದ. ಲಿಪಿಕಾರ ಕೊಡವಿದ. ಚೀಲ ಹೊರಗಿಡು ಎಂದ. ಇಟ್ಟ. ಗ್ರಂಥ ಮುಗಿಯಲಿ ಎಂಬ ಒಂದೇ ಆಸೆಗೆ ಎಲ್ಲವನ್ನೂ ಹೊಟ್ಟೆಗೆ ಹಾಕಿಕೊಂಡ. ಅವನು ಮಾತಾಡದಿದ್ದಷ್ಟೂ ಭಂಡಾರಿಯ ಗುಮಾನಿ ಬಲಿಯಿತು. ತಪ್ಪಿಲ್ಲದವನು ಇಷ್ಟು ತಗ್ಗುತ್ತಾನೆಯೇ?

ಕೊನೆಗೊಂದು ದಿನ, ಪೂಜೆಗೆ ಬಂದ ಹತ್ತು ಜನರ ಎದುರಿಗೆ, ಅವನನ್ನು ಅಂಗಳದಲ್ಲಿ ಕೂರಿಸಿ, ಬಿಳಿ ಬಟ್ಟೆ ಹಾಸಿ, ಬಾಚಣಿಗೆ ಕೈಗೆ ಕೊಟ್ಟು, ಬಾಚು ಎಂದ. ಲಿಪಿಕಾರ ಬಾಚಿಕೊಂಡ. ಬಟ್ಟೆಯ ಮೇಲೆ ನಾಲ್ಕು ಬಿಳಿ ಕೂದಲು ಬಿತ್ತು, ಬೇರೇನೂ ಬೀಳಲಿಲ್ಲ. ನಿನಗೆ ಬಾಚಲು ಬರುವುದಿಲ್ಲ ಎಂದು ಭಂಡಾರಿ ಬಾಚಣಿಗೆ ಕಸಿದುಕೊಂಡು ತಾನೇ ಬಾಚಿದ. ನೆತ್ತಿಯಲ್ಲಿ ರಕ್ತ ಬಂತು.

ಲಿಪಿಕಾರ ಎದ್ದ. ಲೇಖನಿ ತೊಳೆದು ಕಟ್ಟಿಕೊಂಡ. ಪ್ರತಿ ಅರ್ಧವಾಗಿತ್ತು. ಭೂತಗನ್ನಡಿಯನ್ನು ಮಾತ್ರ ಮಣೆಯ ಮೇಲೆ ಬಿಟ್ಟ. "ಇದು ನನಗಿಂತ ನಿಮಗೆ ಬೇಕಾಗುತ್ತದೆ" ಎಂದು ಹೇಳಿ ಹೊರಟುಹೋದ.

ಭಂಡಾರಿ ಭಂಡಾರಕ್ಕೆ ಎರಡು ಬೀಗ ಹಾಕಿದ. ಯಾರನ್ನೂ ಒಳಗೆ ಬಿಡಲಿಲ್ಲ. ಬಸದಿಗೆ ಬಂದವರ ಹೆಗಲು, ಜಡೆ, ಚೀಲ ಎಲ್ಲವನ್ನೂ ಬಾಗಿಲಲ್ಲೇ ನಿಂತು ನೋಡತೊಡಗಿದ. ಓದುವುದನ್ನು ಬಿಟ್ಟ. ದಿನಕ್ಕೊಬ್ಬನನ್ನಾದರೂ ಹಿಡಿಯದೆ ಅವನಿಗೆ ಅನ್ನ ಸೇರುತ್ತಿರಲಿಲ್ಲ. ಜನ ಬರುವುದು ಕಡಿಮೆಯಾಯಿತು. ಅದಕ್ಕೂ ಅವನಿಗೆ ಅನುಮಾನವೇ: ಕಳ್ಳರಲ್ಲದಿದ್ದರೆ ಬರಲು ಹೆದರಿಕೆಯೇಕೆ?

ಮರುವರ್ಷ ಶ್ರುತಪಂಚಮಿ ಬಂತು. ಬೀಗ ತೆಗೆದು ಆ ಹೊತ್ತಗೆಯನ್ನು ಎತ್ತಿದ. ರಟ್ಟು ಕೈಗೆ ಬಂತು. ಒಳಗೆ ಹಾಳೆಗಳಿರಲಿಲ್ಲ. ಹಸಿರು ಬೂಷ್ಟು ಹಿಡಿದ ಹುಡಿಯಿತ್ತು, ಹುಡಿಯಲ್ಲಿ ಬಿಳಿ ಹುಳು ಹರಿದಾಡುತ್ತಿತ್ತು. ಈ ಸಲ ದೂರಲು ಯಾರೂ ಇರಲಿಲ್ಲ. ಒಳಗೆ ಬಂದವನು ಅವನೊಬ್ಬನೇ.

ಭೂತಗನ್ನಡಿ ಮಣೆಯ ಮೇಲೆ ಬಿಟ್ಟಲ್ಲೇ ಇತ್ತು. ತೆಗೆದುಕೊಂಡ. ಒಂದು ಹುಳುವನ್ನು ಹಿಂಬಾಲಿಸಿದ. ಅದು ಹೊತ್ತಗೆಯಿಂದ ಇಳಿದು, ಹಲಗೆ ದಾಟಿ, ಗೋಡೆ ಹತ್ತಿ, ಮುಚ್ಚಿದ ಕಿಟಕಿಯ ಸಂದಿಯಲ್ಲಿ ನುಗ್ಗಿತು. ಹೊರಗೆ ಹೋಗಿ ಆ ಕಟ್ಟೆಯನ್ನು ನೋಡಿದ. ಪಾರಿವಾಳದ ಗೂಡಿನಲ್ಲಿ ಅದೇ ಹುಳು, ಸಾವಿರ. ಇಷ್ಟು ವರ್ಷ ಅವನೇ ತಟ್ಟೆಯಲ್ಲಿ ಹೊತ್ತು ತಂದು ಬಿಟ್ಟದ್ದು. ಅವೂ ಅಷ್ಟೆ, ಬಿಟ್ಟಷ್ಟು ಸಲ ಸಂದಿಯಲ್ಲಿ ಮನೆಗೆ ಮರಳಿದ್ದವು. ಮರಿಯ ರೆಕ್ಕೆ ಬಿಡಿಸಿ ನೋಡಿದ. ಗರಿಯ ಬುಡದಲ್ಲಿ ಹೇನು ಕಚ್ಚಿಕೊಂಡಿತ್ತು. ಭೂತಗನ್ನಡಿಯನ್ನು ಗೂಡಿಗೆ ಹಿಡಿದ, ಗರಿಗೆ ಹಿಡಿದ, ಮತ್ತೆ ಗೂಡಿಗೆ ಹಿಡಿದ. ಅದೇ ಚಪ್ಪಟೆ ಮೈ, ಅದೇ ಬೋಳು ಬೆನ್ನು.

ಲಿಪಿಕಾರನ ಊರಿಗೆ ಹೇಳಿಕಳುಹಿಸಿದ. ತಪ್ಪಾಯಿತು, ಬನ್ನಿ, ನೆನಪಿದ್ದಷ್ಟನ್ನಾದರೂ ಬರೆದುಕೊಡಿ ಎಂದು. ಕಣ್ಣು ಪೂರ್ತಿ ಹೋಗಿದೆ ಎಂದು ಉತ್ತರ ಬಂತು. ಆ ಗ್ರಂಥ ಇವತ್ತಿಗೂ ಅರ್ಧವೇ ಇದೆ.

ಇಷ್ಟು ಹೇಳಿ ವರ್ಣಿಗಳು ದಾರಕ್ಕೆ ಗಂಟು ಹಾಕಿದರು.

ಕತೆ ಯಾರ ಕಡೆ ತಿರುಗಿದೆ ಎಂದು ಪಾಯಣ್ಣನಿಗೆ ತಿಳಿದಿತ್ತು. ಸಿಟ್ಟೂ ಬಂದಿತ್ತು, ನಾಚಿಕೆಯೂ ಆಗಿತ್ತು. ಆದರೂ ಸೋಲಲು ಮನಸ್ಸಿಲ್ಲ.

"ಆ ಭಂಡಾರಿ ಬಾಚಣಿಗೆ ಹಿಡಿದ, ಗುರುಗಳೇ. ನೆತ್ತಿಯಲ್ಲಿ ರಕ್ತ ಬರಿಸಿದ. ನಾನು ಆದಿರಾಜನ ಮೈ ಮುಟ್ಟಿಲ್ಲ. ಅವನಿಗೊಂದು ಕೆಟ್ಟ ಮಾತು ಆಡಿಲ್ಲ."

"ಪೊಟ್ಟಣದಲ್ಲಿ ಏನಿದೆ?"

ಪಾಯಣ್ಣ ಅದನ್ನು ಸೊಂಟದಿಂದ ತೆಗೆದು ಬಿಚ್ಚಿದ. ಒಳಗೆ ಆದಿರಾಜನ ಎರಡು ಕೂದಲು, ಅವನ ಚಾಪೆಯ ಒಂದು ಎಳೆ ಇದ್ದವು.

"ಇವು ಉದುರಿದ್ದು, ಗುರುಗಳೇ," ಎಂದ ಪಾಯಣ್ಣ. "ನಾನು ಕಿತ್ತದ್ದಲ್ಲ."

ವರ್ಣಿಗಳು ಆ ಎರಡು ಕೂದಲನ್ನು ನೋಡಿದರು, ಆಮೇಲೆ ಅವನ ಮುಖ ನೋಡಿದರು.

"ಸದ್ಯ, ಇನ್ನೂ ಗೂಡಿನಲ್ಲೇ ಇದ್ದೀಯ, ರೆಕ್ಕೆ ಬಿದ್ದುಹೋಗುವ ಮೊದಲು ಮರಕ್ಕೆ ಹಾರು ಮಾರಾಯ."