ಡೇಂಜರ್ ಪದದ ಮೇಲೆ ಮಲಗಿದ ಹುಳ

ಕಾನ್ವೆಂಟ್ ಶಾಲೆಯ ಗ್ರಂಥಾಲಯದಲ್ಲಿ ಮೇಜಿನ ಮೇಲೆ ತೆರೆದಿದ್ದ ದಪ್ಪ ಇಂಗ್ಲಿಷ್ ನಿಘಂಟಿಗೆ, ತನ್ನ ಒಂದಕ್ಷರವೂ ಸವೆದಿಲ್ಲವೆಂಬ ಹೆಮ್ಮೆ. ಒಂದು ಮಧ್ಯಾಹ್ನ ಪುಸ್ತಕ ತಿನ್ನುವ ಬೆಳ್ಳಿಹುಳವೊಂದು ಅದರ ಹಾಳೆಗೆ ಬಾಯಿ ಹಾಕಿತು.

"ನಿಲ್ಲು! ನೀನು ಕಚ್ಚಹೊರಟಿರುವುದು 'ಡೇಂಜರ್' ಎಂಬ ಪದವನ್ನು" ಎಂದು ನಿಘಂಟು ಗದರಿತು. ಧಡಕ್ಕನೆ ಮುಚ್ಚಿಕೊಂಡು ಹುಳವನ್ನು ಅಪ್ಪಚ್ಚಿ ಮಾಡಲು ಆಗಲೇ ಬೆನ್ನು ಬಿಗಿದಿತ್ತು.

"ಹಾಗೆಂದರೇನು, ನಿಘಂಟಮ್ಮ? ಸಿಹಿಯೋ, ಹುಳಿಯೋ?"

ಅರ್ಥ ಕೇಳಿದವರಿಗೆ ಹೇಳದಿರುವುದು ನಿಘಂಟಿನ ಜಾಯಮಾನವಲ್ಲ. "ಈಗ ಅಪಾಯವೆಂದು ಅರ್ಥ. ಹಿಂದೆ ಫ್ರೆಂಚರ ಬಾಯಲ್ಲಿ ಒಡೆಯನ ಅಧಿಕಾರವೆಂದಿತ್ತು. ಒಬ್ಬರ ಡೇಂಜರಿನಲ್ಲಿರುವುದೆಂದರೆ ಅವರ ಕೈಯೊಳಗಿರುವುದು. ಉಳಿಸುವುದೂ ಅಳಿಸುವುದೂ ಅವರಿಗೆ ಬಿಟ್ಟದ್ದು."

"ಅಂದರೆ ನಾನೀಗ ನಿಮ್ಮ ಡೇಂಜರಿನಲ್ಲಿದ್ದೇನೆ! ಸದ್ಯ, ಬೇರೆ ಯಾರ ಕೈಗೂ ಸಿಕ್ಕಲಿಲ್ಲವಲ್ಲ" ಎಂದ ಹುಳ, ನಿಶ್ಚಿಂತೆಯಿಂದ ಆ ಪದದ ಮೇಲೆಯೇ ಮುದುಡಿ ನಿದ್ದೆಹೋಯಿತು.

ನಿಘಂಟು ಬಹಳ ಹೊತ್ತು ಅದನ್ನೇ ನೋಡಿತು. ಆಮೇಲೆ ಬೆನ್ನು ಸಡಿಲಿಸಿತು. ಕಿಟಕಿಯಿಂದ ಗಾಳಿ ನುಗ್ಗಿ ಹಾಳೆ ಮಗುಚಲು ನೋಡಿದಾಗ, ಹಾಳೆಯನ್ನು ಒತ್ತಿ ಹಿಡಿದು, ಎಂದೂ ಇಲ್ಲದಷ್ಟು ದನಿ ತಗ್ಗಿಸಿ ಗಾಳಿಗೆ ಹೇಳಿತು: "ಇದು ಗ್ರಂಥಾಲಯ. ಮೆಲ್ಲಗೆ ಬಾ."